ಕೆಟ್ಟ ಡಿಸ್ಕ್‌ನಿಂದ ಕಡತ ತೆಗೆಯುವ ವಿದ್ಯೆ

ಕೆಟ್ಟುಹೋದ ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳಿಂದ ಕಡತಗಳನ್ನು ಮರಳಿ ಪಡೆಯುವ ಕೆಲಸಕ್ಕೆ ಡೇಟಾ ರಿಕವರಿ ಎನ್ನುತ್ತಾರೆ. ಕಂಪ್ಯೂಟರ್ ರಿಪೇರಿಗೂ ಇದಕ್ಕೂ ಗುರಿಯೇ ಬೇರೆ. ರಿಪೇರಿಯಲ್ಲಿ ಯಂತ್ರ ಮತ್ತೆ ಓಡಬೇಕು. ರಿಕವರಿಯಲ್ಲಿ ಯಂತ್ರ ಹೋದರೂ ಚಿಂತೆಯಿಲ್ಲ, ಒಳಗಿದ್ದುದು ಒಮ್ಮೆ ಹೊರಗೆ ಬಂದರೆ ಸಾಕು. ಹೀಗಾಗಿ ರಿಪೇರಿ ಅಂಗಡಿಯಲ್ಲಿ ಮೊದಲು ಕೈ ಹಾಕುವ ಕೆಲಸಗಳಾದ ಫಾರ್ಮ್ಯಾಟ್, ವಿಂಡೋಸ್ ಮರುಸ್ಥಾಪನೆ, ಚೆಕ್ ಡಿಸ್ಕ್ ಇವೆಲ್ಲ ರಿಕವರಿಯಲ್ಲಿ ಮೊದಲು ಕೈಬಿಡಬೇಕಾದವು. ಈ ವಿದ್ಯೆಯನ್ನು ಕಲಿಯುವವರು ಏನು ಮಾಡಬೇಕೆಂಬುದಕ್ಕಿಂತ ಮುಂಚೆ ಏನು ಮಾಡಬಾರದೆಂಬುದನ್ನು ಕಲಿಯಬೇಕಾಗುತ್ತದೆ.

ಮೈಸೂರಿನಲ್ಲಿ ಇದರ ಅಗತ್ಯ ಯಾರಿಗೆ ಬೀಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಹಂಗಾಮಿನ ಮದುವೆಗಳನ್ನೆಲ್ಲ ಒಂದೇ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ತುಂಬಿಟ್ಟ ಸ್ಟುಡಿಯೋದವರು, ಮಾನಸಗಂಗೋತ್ರಿಯಲ್ಲಿ ಪ್ರಬಂಧ ಬರೆಯುತ್ತಿರುವ ಸಂಶೋಧನಾ ವಿದ್ಯಾರ್ಥಿಗಳು, ಟ್ಯಾಲಿ ಲೆಕ್ಕ ಇಟ್ಟಿರುವ ಮಂಡಿ ವ್ಯಾಪಾರಿಗಳು, ಹಳೆಯ ಪುಸ್ತಕಗಳ ಪುಟವಿನ್ಯಾಸ ಕಾದಿಟ್ಟುಕೊಂಡ ಡಿಟಿಪಿ ಅಂಗಡಿಗಳು. ಇವರಲ್ಲದೆ ಊರಿಗೇ ವಿಶಿಷ್ಟವಾದ ಇನ್ನೊಂದು ವರ್ಗವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಎರಡೂ ಇಲ್ಲಿವೆ. ಹೀಗಾಗಿ ಮಾತಿನ ಧ್ವನಿಮುದ್ರಣವನ್ನೇ ಕಸುಬಾಗಿ ಮಾಡಿಕೊಂಡ ವಿದ್ವಾಂಸರೂ ವಿದ್ಯಾರ್ಥಿಗಳೂ ಈ ನಗರದಲ್ಲಿ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರೊಬ್ಬರ ಹಾಡನ್ನೋ ಜೇನು ಕುರುಬರ ಮಾತನ್ನೋ ಧ್ವನಿಮುದ್ರಿಸಿಕೊಂಡು ಬಂದ ಮೆಮೊರಿ ಕಾರ್ಡ್ ಓದದೆ ಹೋದರೆ, ಆ ಹಿರಿಯರು ತೀರಿಕೊಂಡ ಮೇಲೆ ಅದನ್ನು ಮತ್ತೆ ಧ್ವನಿಮುದ್ರಿಸಲಾಗದು. ಹೊಸ ಕಾರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗಿದ್ದುದಕ್ಕೆ ಬೆಲೆ ಕಟ್ಟಲಾಗದು.

ಕೆಡುವಿಕೆಯಲ್ಲಿ ಎರಡು ಬಗೆ. ಯಂತ್ರ ಸರಿಯಿದ್ದು ಒಳಗಿನ ಲೆಕ್ಕ ತಪ್ಪಿಹೋದರೆ ಅದು ತಾರ್ಕಿಕ ದೋಷ: ಕೈತಪ್ಪಿ ಅಳಿಸಿದ್ದು, ಫಾರ್ಮ್ಯಾಟ್ ಆದದ್ದು, ಪಾರ್ಟಿಷನ್ ಕಾಣದಾದದ್ದು, ವೈರಸ್ ಹಾವಳಿ. ಯಂತ್ರವೇ ಕೆಟ್ಟರೆ ಭೌತಿಕ ದೋಷ. ಎರಡೂ ಒಟ್ಟಿಗೆ ಬರುವುದೂ ಉಂಟು. ಫೋಲ್ಡರ್ ತೆರೆಯುತ್ತಿಲ್ಲ ಎಂಬ ದೂರಿನ ಹಿಂದೆ ಸವೆದ ಹೆಡ್ ಇರಬಹುದು. ಅದನ್ನು ಬರೀ ತಾರ್ಕಿಕ ದೋಷವೆಂದು ತಿಳಿದು ಗಂಟೆಗಟ್ಟಲೆ ಸ್ಕ್ಯಾನ್ ಓಡಿಸಿದರೆ ಉಳಿದಿದ್ದ ಜೀವವೂ ಹೋಗುತ್ತದೆ. ಹೊಸಬರ ಕೈಯಲ್ಲಿ ಡಿಸ್ಕ್‌ಗಳು ಸಾಯುವುದು ಹೆಚ್ಚಾಗಿ ಇಲ್ಲಿಯೇ.

ದೋಷ ಗುರುತಿಸಬೇಕಾದರೆ ಡಿಸ್ಕ್‌ನ ಒಳಗು ತಿಳಿದಿರಬೇಕು. ಐಬಿಎಂ ಕಂಪನಿ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದಿನ ಡಿಸ್ಕ್‌ನಲ್ಲಿಯೂ ತತ್ತ್ವ ಅದೇ. ಕನ್ನಡಿಯಂತೆ ನುಣುಪಾದ ತಟ್ಟೆಗಳ ಮೇಲೆ ಕಾಂತೀಯ ಲೇಪವಿರುತ್ತದೆ. ತೋಳಿನ ತುದಿಯಲ್ಲಿರುವ ಹೆಡ್ ಆ ಲೇಪವನ್ನು ಓದುತ್ತ, ಬರೆಯುತ್ತ ಹೋಗುತ್ತದೆ. ಮೂರೂವರೆ ಇಂಚಿನ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುವಾಗ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತಿರುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಸಂದಿಯಲ್ಲಿ ಹಿಡಿಸದು. ತಿರುಪು ಬಿಚ್ಚಿ ಮುಚ್ಚಳ ತೆಗೆದು ಏನಾಗಿದೆ ನೋಡೋಣ ಎನ್ನುವುದು ಏಕೆ ಕೂಡದು ಎಂಬುದಕ್ಕೆ ಇಷ್ಟು ಸಾಕು.

ಡಿಸ್ಕ್‌ನ ಅಡಿಭಾಗದ ಹಸಿರು ಅಥವಾ ನೀಲಿ ಬೋರ್ಡ್ ಬೇರೆಯೇ ಕಥೆ; ಅದು ಸುಡುವುದು ಹೆಚ್ಚಾಗಿ ವಿದ್ಯುತ್ತಿನ ಏರುಪೇರಿನಿಂದ. ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳು ಮೈಸೂರು ಸೀಮೆಯಲ್ಲಿ ಗುಡುಗು ಸಿಡಿಲಿನೊಡನೆ ಬರುತ್ತವೆ. ಕರೆಂಟ್ ಹೋಗಿ ಬರುವಾಗಿನ ಏರಿಳಿತಕ್ಕೆ ಯುಪಿಎಸ್ ಇಲ್ಲದ ಕಂಪ್ಯೂಟರುಗಳು ನೇರವಾಗಿ ಒಡ್ಡಿಕೊಳ್ಳುತ್ತವೆ. ಇನ್ನೊಂದು ಕಾರಣ ಅಡಾಪ್ಟರ್ ಅದಲುಬದಲು. 12 ವೋಲ್ಟ್ ಬೇಡುವ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಲ್ಯಾಪ್‌ಟಾಪ್‌ನ 19 ವೋಲ್ಟ್ ಪಿನ್ ಚುಚ್ಚಿದರೆ ಕ್ಷಣದಲ್ಲಿ ಬೋರ್ಡ್ ಸತ್ತಂತಾಗುತ್ತದೆ. ಆದರೆ ಅನೇಕ ಬೋರ್ಡ್‌ಗಳಲ್ಲಿ ಟಿವಿಎಸ್ ಡಯೋಡ್ ಎಂಬ ಕಾವಲು ಬಿಡಿಭಾಗವಿರುತ್ತದೆ. ಅತಿ ವೋಲ್ಟೇಜ್ ಬಂದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮಲ್ಟಿಮೀಟರಿನಲ್ಲಿ ಅಳೆದು, ಸುಟ್ಟ ಡಯೋಡ್ ತೆಗೆದರೆ ಡಿಸ್ಕ್ ಮತ್ತೆ ತಿರುಗಿ, ಮಾಹಿತಿ ನಕಲು ಮಾಡಿಕೊಳ್ಳುವಷ್ಟು ಕಾಲ ಓಡುವುದುಂಟು. ಬೋರ್ಡ್ ಪೂರ್ತಿ ಸುಟ್ಟಿದ್ದರೆ ಅದೇ ಮಾದರಿಯ ಇನ್ನೊಂದು ಡಿಸ್ಕ್‌ನಿಂದ ಬೋರ್ಡ್ ತರುತ್ತಾರೆ. ಇದಕ್ಕೆ ಕಸುಬಿನಲ್ಲಿ ಡೋನರ್ ಎನ್ನುತ್ತಾರೆ. ಬಹಳ ಹಳೆಯ ಡಿಸ್ಕ್‌ಗಳಲ್ಲಿ ಬೋರ್ಡ್ ಬದಲಿಸಿದರೆ ಸಾಕಾಗುತ್ತಿತ್ತು. ಈಗ ಪ್ರತಿ ಡಿಸ್ಕ್‌ನ ಹೆಡ್‌ಗಳಿಗೆ ಹೊಂದಿಸಿದ ಅಳತೆಗಳು ಬೋರ್ಡ್‌ನ ಒಂದು ಪುಟ್ಟ, ಕರೆಂಟ್ ಹೋದರೂ ಅಳಿಯದ, ಸಾಮಾನ್ಯವಾಗಿ ಎಂಟು ಕಾಲಿನ ಚಿಪ್‌ನಲ್ಲಿರುತ್ತವೆ. ಹಳೆಯ ಬೋರ್ಡ್‌ನಿಂದ ಅದನ್ನು ಬಿಸಿಗಾಳಿಯಲ್ಲಿ ಬಿಡಿಸಿ ಹೊಸದಕ್ಕೆ ಬೆಸೆಯದಿದ್ದರೆ ಡಿಸ್ಕ್ ತನ್ನನ್ನೇ ಗುರುತಿಸಿಕೊಳ್ಳದು. ಮೊಬೈಲ್ ರಿಪೇರಿಯಲ್ಲಿ ಕೈ ಪಳಗಿದವರಿಗೆ ಈ ಬೆಸುಗೆ ಹೊಸದಲ್ಲ. ರಿಕವರಿ ಕಲಿಕೆಗೆ ಅವರು ಅರ್ಧ ದಾರಿ ನಡೆದೇ ಬಂದಿರುತ್ತಾರೆ.

ಕಿವಿಯೂ ಒಂದು ಉಪಕರಣ. ಕರೆಂಟ್ ಕೊಟ್ಟಾಗ ಡಿಸ್ಕ್ ಮೌನವಾಗಿದ್ದರೆ ಬೋರ್ಡ್ ಅಥವಾ ಮೋಟರಿನ ಕಡೆ ನೋಡಬೇಕು. ತಿರುಗಲು ಯತ್ನಿಸಿ ಗುಂಯ್‌ಗುಟ್ಟಿ ನಿಂತರೆ ಹೆಡ್ ತಟ್ಟೆಗೆ ಅಂಟಿರಬಹುದು. ಟಕ್ ಟಕ್ ಎಂದು ತಾಳ ಹಾಕಿದಂತೆ ಸದ್ದು ಬಂದರೆ ಹೆಡ್ ತನ್ನ ದಾರಿ ಹುಡುಕಿ ಹುಡುಕಿ ಸೋಲುತ್ತಿದೆ ಎಂದರ್ಥ. ಕೆರೆದ ಸದ್ದು ಎಲ್ಲಕ್ಕಿಂತ ಕೆಟ್ಟದ್ದು: ಹೆಡ್ ತಟ್ಟೆಯ ಲೇಪವನ್ನು ಕಿತ್ತು ತೆಗೆಯುತ್ತಿರುತ್ತದೆ. ಈ ಸದ್ದುಗಳಲ್ಲಿ ಯಾವುದು ಕೇಳಿದರೂ ತಕ್ಷಣ ಕರೆಂಟ್ ತೆಗೆಯಬೇಕು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ತಣ್ಣನೆಯ ತಟ್ಟೆಯ ಮೇಲೆ ನೀರಾವಿ ಕೂತರೆ ಇದ್ದ ಅವಕಾಶವೂ ಮುಗಿಯಿತು.

ಸದ್ದಿಲ್ಲದ, ಆದರೆ ನಿಧಾನವಾದ ಡಿಸ್ಕ್‌ಗಳಿಗೆ ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ದಾಖಲೆಯಿರುತ್ತದೆ. ಅದರ ಪಟ್ಟಿಯಲ್ಲಿ ಕಲಿಯುವವರು ನೋಡಬೇಕಾದ ಸಾಲುಗಳು 5, 197 ಮತ್ತು 198. ಕೆಟ್ಟದ್ದೆಂದು ಬದಲಿಸಲಾದ ಸೆಕ್ಟರ್‌ಗಳು (ಡಿಸ್ಕ್‌ನ ಪುಟ್ಟ ಪುಟ್ಟ ತುಂಡುಗಳು) ಎಷ್ಟು, ಓದಲಾಗದೆ ಬಾಕಿ ಉಳಿದವೆಷ್ಟು, ತಿದ್ದಲು ಸಾಧ್ಯವಾಗದವೆಷ್ಟು ಎಂಬುದನ್ನು ಅವು ಹೇಳುತ್ತವೆ. 197ರ ಎದುರಿನ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ತಡಮಾಡುವಂತಿಲ್ಲ.

ಮುಂದಿನ ಹೆಜ್ಜೆ ನಕಲು ತೆಗೆಯುವುದು. ಇಡೀ ವಿದ್ಯೆಯ ನಡುಗಂಬ ಇದು. ಸೊರಗಿದ ಡಿಸ್ಕ್‌ನ ಮೇಲೆ ನೇರವಾಗಿ ಯಾವ ಹುಡುಕಾಟವನ್ನೂ ನಡೆಸಬಾರದು. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದುದನ್ನು ಇದ್ದಂತೆ ಇನ್ನೊಂದು ಆರೋಗ್ಯವಂತ ಡಿಸ್ಕ್‌ಗೆ ಇಳಿಸಿಕೊಂಡು, ಮುಂದಿನ ಪ್ರಯೋಗವನ್ನೆಲ್ಲ ಆ ನಕಲಿನ ಮೇಲೆ ಮಾಡಬೇಕು. ಇದಕ್ಕೆ ಇಮೇಜ್ ತೆಗೆಯುವುದು ಅಥವಾ ಕ್ಲೋನ್ ಮಾಡುವುದು ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ಗ್ನೂ ಡಿಡಿರೆಸ್ಕ್ಯೂ ಈ ಕೆಲಸಕ್ಕೆ ಹೆಸರುವಾಸಿ. ಅದರ ಜಾಣತನವೆಲ್ಲ ಕೆಲಸದ ಸರದಿಯಲ್ಲಿದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದುವ ಭಾಗಗಳನ್ನು ದೊಡ್ಡ ದೊಡ್ಡ ತುಂಡುಗಳಾಗಿ ಎತ್ತಿಕೊಂಡು, ತಡವರಿಸುವ ಜಾಗ ಬಂದೊಡನೆ ಅಲ್ಲಿ ನಿಲ್ಲದೆ ಹಾರಿ ಮುಂದಕ್ಕೆ ಹೋಗುತ್ತದೆ. ಕೆಟ್ಟ ಜಾಗಗಳ ಅಂಚನ್ನು ಕೆರೆಯುವುದು, ಒಂದೊಂದೇ ಸೆಕ್ಟರ್ ಬಿಡಿಸುವುದು, ಮತ್ತೆ ಮತ್ತೆ ಯತ್ನಿಸುವುದು ಇವೆಲ್ಲ ನಂತರದ ಸುತ್ತುಗಳ ಕೆಲಸ. ಯಾವ ಭಾಗ ಬಂದಿದೆ, ಯಾವುದು ಬಾಕಿಯಿದೆ ಎಂಬುದನ್ನೆಲ್ಲ ಒಂದು ಮ್ಯಾಪ್ ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಗಟ್ಟಿಮುಟ್ಟಾದ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲಾಗಲು ಮೂರು ಗಂಟೆಯೊಳಗೆ ಸಾಕು. ಸೊರಗಿದ ಡಿಸ್ಕ್‌ಗೆ ದಿನಗಳೇ ಬೇಕಾಗಬಹುದು. ಗಿರಾಕಿ ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಈ ಸರದಿಯನ್ನು ಮುರಿಯದಿರುವ ತಾಳ್ಮೆ ಬಂದವರಿಗೆ ಕಸುಬು ಅರ್ಧ ಒಲಿದಂತೆ.

ನಕಲು ಕೈಗೆ ಬಂದ ಮೇಲೆ ಕಡತ ಹುಡುಕುವ ಕೆಲಸ. ಅಳಿಸಿದ ಕಡತ ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಫೈಲ್ ಸಿಸ್ಟಂನಲ್ಲಿದೆ. ಅಳಿಸುವುದೆಂದರೆ ಖಾತೆಯಿಂದ ಹೆಸರು ಹೊಡೆದುಹಾಕಿದ ಹಾಗೆ. ಮನೆ ನಿಂತೇ ಇರುತ್ತದೆ, ಆ ನಿವೇಶನದಲ್ಲಿ ಹೊಸಬರು ಕಟ್ಟಡ ಎಬ್ಬಿಸುವವರೆಗೆ. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್ ಪದ್ಧತಿಯಲ್ಲಿ ಕಡತ ಅಳಿಸಿದಾಗ ಅದರ ಹೆಸರಿನ ಮೊದಲ ಬೈಟ್ 229 ಎಂದು ಬದಲಾಗುತ್ತದೆ. ಕಡತದ ತುಂಡುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಸರಪಳಿಯೂ ಅಳಿಯುತ್ತದೆ. ಆದರೆ ಮೊದಲ ತುಂಡು ಎಲ್ಲಿತ್ತು, ಒಟ್ಟು ಗಾತ್ರ ಎಷ್ಟು ಎಂಬ ವಿವರ ಉಳಿಯುತ್ತದೆ. ಕಡತ ಒಂದೇ ಸಾಲಿನಲ್ಲಿ ಕೂತಿದ್ದರೆ ಅಷ್ಟರಿಂದಲೇ ಪೂರ್ತಿ ಕಡತವನ್ನು ಎತ್ತಬಹುದು. ಚದುರಿ ಕೂತಿದ್ದರೆ ಕಷ್ಟ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ತುಂಡುಗಳ ವಿಳಾಸವೂ ಸಾಮಾನ್ಯವಾಗಿ ಉಳಿಯುವುದರಿಂದ ಕೆಲಸ ಸುಲಭ. ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಿ ಅಳಿಸುವಾಗ ವಿಳಾಸಗಳೂ ಅಳಿಯುವುದರಿಂದ ಕೆಲಸ ಬಿಗಿ. ಫಾರ್ಮ್ಯಾಟ್ ಬಗ್ಗೆಯೂ ಒಂದು ತಿಳಿವಳಿಕೆ ಅಗತ್ಯ. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ವಿಂಡೋಸ್ ವಿಸ್ಟಾದಿಂದೀಚೆಗಿನ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕ್‌ಗೆ ಸೊನ್ನೆ ತುಂಬುತ್ತದೆ. ಅದರ ನಂತರ ಹುಡುಕಲು ಏನೂ ಉಳಿಯದು.

ಪಟ್ಟಿಯೇ ಹೋಗಿದ್ದರೆ ಕಡತಗಳನ್ನು ಅವುಗಳ ಗುರುತಿನಿಂದಲೇ ಹೆಕ್ಕಬೇಕು. ಜೆಪೆಗ್ ಚಿತ್ರ 255, 216, 255 ಎಂಬ ಬೈಟ್‌ಗಳಿಂದ ಆರಂಭವಾಗಿ 255, 217ರಲ್ಲಿ ಮುಗಿಯುತ್ತದೆ. ಪಿಡಿಎಫ್‌ನ ಮೊದಲ ನಾಲ್ಕು ಬೈಟ್‌ಗಳು 37, 80, 68, 70. ಕ್ರಿಸ್ತೋಫ್ ಗ್ರೆನಿಯೇ ಬರೆದ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಇಂಥ ಗುರುತುಗಳನ್ನು ಹಿಡಿದೇ ಸಾವಿರಾರು ಚಿತ್ರಗಳನ್ನು ಹೊರಗೆಳೆಯುತ್ತದೆ. ಅವರದೇ ಟೆಸ್ಟ್‌ಡಿಸ್ಕ್ ಕಳೆದುಹೋದ ಪಾರ್ಟಿಷನ್ ಹುಡುಕುತ್ತದೆ. ಹೀಗೆ ಹೆಕ್ಕಿದ ಕಡತಗಳಿಗೆ ಹಳೆಯ ಹೆಸರಾಗಲಿ ಫೋಲ್ಡರ್ ಆಗಲಿ ಇರುವುದಿಲ್ಲ. ಮದುವೆ ಚಿತ್ರಗಳೆಲ್ಲ ಬಂದರೂ ಯಾವುದು ಯಾರ ಮದುವೆ ಎಂದು ಸ್ಟುಡಿಯೋದವರೇ ಕೂತು ಬಿಡಿಸಬೇಕು. ವಿಡಿಯೋದಲ್ಲಿ ಇನ್ನೊಂದು ತೊಡಕು. ಎಂಪಿ4 ಕಡತದ ಸೂಚಿಯನ್ನು ಅನೇಕ ಕ್ಯಾಮೆರಾಗಳು ಚಿತ್ರೀಕರಣ ಮುಗಿದ ಮೇಲೆ ಕೊನೆಯಲ್ಲಿ ಬರೆಯುತ್ತವೆ. ಮುಹೂರ್ತದ ನಡುವೆ ಬ್ಯಾಟರಿ ಮುಗಿದರೆ ದೃಶ್ಯವೆಲ್ಲ ಕಾರ್ಡ್‌ನಲ್ಲಿದ್ದೂ ಕಡತ ತೆರೆಯದು. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಒಳ್ಳೆಯ ಕಡತವನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ಕನ್ನಡ ಬಲ್ಲ ತಂತ್ರಜ್ಞರು ಬೇಕೇಬೇಕು ಎನಿಸುವುದು ಪಠ್ಯದ ಕಡತಗಳಲ್ಲಿ. ಬೈಟ್‌ಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಡಿಸ್ಕ್ ತೆರೆದರೆ ಕಾಣುವುದು ಬರೀ ಅಂಕಿಗಳ ಸಾಲು (ಎಡಿಟರ್ ಅವನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ; ಇಲ್ಲಿ ಕೊಟ್ಟಿರುವುದು ಹತ್ತರ ಎಣಿಕೆಯಲ್ಲಿ). ಯೂನಿಕೋಡ್‌ನಲ್ಲಿ ಬರೆದ ಸಾದಾ ಪಠ್ಯ ಕಡತದಲ್ಲಿ ಮೈಸೂರು ಎಂಬ ಪದ 18 ಬೈಟ್ ಹಿಡಿಯುತ್ತದೆ: 224 178 174, 224 179 136, 224 178 184, 224 179 130, 224 178 176, 224 179 129. ಮೂರು ಮೂರರ ಗುಂಪು. ಪ್ರತಿ ಗುಂಪಿನ ತಲೆಯಲ್ಲಿ 224, ಅದರ ನಂತರ 178 ಅಥವಾ 179. ಈ ನಡೆ ಒಮ್ಮೆ ಕಣ್ಣಿಗೆ ಕೂತರೆ ಲಕ್ಷಾಂತರ ಸೆಕ್ಟರ್‌ಗಳ ನಡುವೆಯೂ ಕನ್ನಡ ಬರಹ ಎಲ್ಲಿದೆ ಎಂದು ಗುರುತಿಸಬಹುದು. ಆದರೆ ಮೈಸೂರಿನ ಹಳೆಯ ಡಿಟಿಪಿ ಡಿಸ್ಕ್‌ಗಳಲ್ಲಿ ಇರುವುದು ಹೆಚ್ಚಾಗಿ ನುಡಿ, ಬರಹ, ಶ್ರೀಲಿಪಿಗಳ ಕಾಲದ ಸಂಕೇತಗಳು. ಅವುಗಳಲ್ಲಿ ಅಕ್ಷರವನ್ನು ಒತ್ತು, ತಲೆಕಟ್ಟು, ಕೊಂಬುಗಳ ತುಣುಕುಗಳಾಗಿ ಒಡೆದು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿತ್ತು. ಹಳೆಯ ನುಡಿಯಲ್ಲಿ ಅದೇ ಮೈಸೂರು 10 ಬೈಟ್: 170, 201, 196, 202, 184, 192, 198, 103, 192, 196. ಇದು ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಗೊಂಚಲಾಗಿ ಕಾಣುತ್ತದೆ. ಹೊರರಾಜ್ಯದ ಲ್ಯಾಬ್‌ನವರು ಇಂಥ ಕಡತವನ್ನು ಕರಪ್ಟ್ ಆಗಿದೆ ಎಂದು ಬದಿಗಿಡುವ ಸಾಧ್ಯತೆ ಇದ್ದೇ ಇದೆ. ನುಡಿ ಫಾಂಟ್ ಹಾಕಿ ತೆರೆದರೆ ಒಂದು ಅಕ್ಷರವೂ ಕೆಟ್ಟಿರುವುದಿಲ್ಲ. ಹಳಗನ್ನಡ ಕಾವ್ಯದ ಸಂಪಾದನೆಯೋ ಊರಿನ ಚರಿತ್ರೆಯೋ ಹೀಗೆ ತಪ್ಪು ತಿಳಿವಳಿಕೆಯಿಂದ ಕಸದ ಬುಟ್ಟಿ ಸೇರುವುದು ಸಹಿಸುವಂಥ ನಷ್ಟವಲ್ಲ.

ಎಸ್‌ಎಸ್‌ಡಿ ಬಂದ ಮೇಲೆ ಈ ಲೆಕ್ಕಾಚಾರದಲ್ಲಿ ಬಹಳಷ್ಟು ಬದಲಾಗಿದೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ, ಮುನ್ಸೂಚನೆಯೂ ಅಪರೂಪ. ಕಡತ ಅಳಿಸಿದ ತಕ್ಷಣ ವಿಂಡೋಸ್ ಟ್ರಿಮ್ ಎಂಬ ಆಜ್ಞೆ ಕಳಿಸುತ್ತದೆ. 2009ರ ವಿಂಡೋಸ್ 7ರಿಂದ ಈ ಏರ್ಪಾಡಿದೆ. ಆ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡಿಬಿಡುವುದರಿಂದ ಅಳಿಸಿದ್ದು ಹೆಚ್ಚಿನ ಸಂದರ್ಭಗಳಲ್ಲಿ ಹೋದಂತೆಯೇ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದಂತೆಯೇ ಬಿಟ್‌ಲಾಕರ್ ಚಾಲೂ ಇರಬಹುದು. 48 ಅಂಕಿಗಳ ರಿಕವರಿ ಕೀ ಇಲ್ಲದೆ ಆ ಡಿಸ್ಕ್‌ನಿಂದ ಯಾವ ಪರಿಣತರೂ ಏನನ್ನೂ ತೆಗೆಯಲಾರರು. ಆಂಡ್ರಾಯ್ಡ್ 10ರೊಂದಿಗೆ ಬಂದ ಫೋನುಗಳಿಂದೀಚೆಗೆ ಒಳಸಂಗ್ರಹದ ಎನ್‌ಕ್ರಿಪ್ಶನ್ ಕಡ್ಡಾಯವಾಗಿದೆ. ಫೋನಿನಿಂದ ಅಳಿಸಿದ ಚಿತ್ರವನ್ನು ತೆಗೆದುಕೊಡುತ್ತೇವೆ ಎಂಬ ಜಾಹೀರಾತುಗಳನ್ನು ಈ ಸಂಗತಿ ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಹೆಡ್ ಬದಲಿಸುವ ಕೆಲಸ ಮನೆಯಲ್ಲಿ ಕಲಿಯುವಂಥದ್ದಲ್ಲ. ಅದಕ್ಕೆ ಶೋಧಿಸಿದ ಗಾಳಿಯ ಕೋಣೆ ಬೇಕು, ಹೆಡ್‌ಗಳು ಒಂದಕ್ಕೊಂದು ತಾಗದಂತೆ ಹಿಡಿಯುವ ಬಾಚಣಿಗೆಯಂಥ ಸಲಕರಣೆ ಬೇಕು, ಅದೇ ಮಾದರಿಯ ಡೋನರ್ ಬೇಕು, ಫರ್ಮ್‌ವೇರ್ ತಿದ್ದಲು ಪಿಸಿ-3000ದಂಥ ದುಬಾರಿ ಉಪಕರಣ ಬೇಕು. ಆ ಮಟ್ಟದಲ್ಲಿ ಎಷ್ಟು ಸಾಧ್ಯ ಎಂಬುದಕ್ಕೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಡಿಸ್ಕ್ ಸಾಕ್ಷಿ. 2003ರ ಫೆಬ್ರವರಿ 1ರಂದು ನೌಕೆ ಆಕಾಶದಲ್ಲೇ ಒಡೆದು ಏಳು ಗಗನಯಾತ್ರಿಗಳು ಮಡಿದರು. ಅವರಲ್ಲಿ ಕಲ್ಪನಾ ಚಾವ್ಲಾ ಒಬ್ಬರು. ತಿಂಗಳುಗಳ ಬಳಿಕ ಟೆಕ್ಸಾಸ್‌ನ ಒಣಗಿದ ಕೆರೆಯ ಅಂಗಳದಲ್ಲಿ ಸುಟ್ಟು ಕರಕಲಾದ ಡಿಸ್ಕ್ ಒಂದು ಸಿಕ್ಕಿತು. ಬೋರ್ಡ್ ನಾಶವಾಗಿತ್ತು, ಒಳಗೆ ಧೂಳು ಹೊಕ್ಕಿತ್ತು. ಆದರೆ ಮಾಹಿತಿ ಬರೆದಿದ್ದ ಭಾಗಕ್ಕೆ ಏಟು ಬಿದ್ದಿರಲಿಲ್ಲ. ಡಾಸ್ ವ್ಯವಸ್ಥೆ ಕಡತಗಳನ್ನು ಡಿಸ್ಕ್ ತುಂಬ ಚದುರಿಸದೆ ಒಂದು ಕಡೆ ಬರೆದಿದ್ದುದು ಇಲ್ಲಿ ಕೈಹಿಡಿಯಿತು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ತಂತ್ರಜ್ಞರು ಶೇ. 99ರಷ್ಟು ಮಾಹಿತಿ ಹೊರತೆಗೆದರು. ಕ್ಸೆನಾನ್ ಅನಿಲದ ಸ್ನಿಗ್ಧತೆಯ ಬಗ್ಗೆ ನೌಕೆಯಲ್ಲಿ ನಡೆದು ಈ ಡಿಸ್ಕ್‌ನಲ್ಲಿ ದಾಖಲಾಗಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಕೆಲಸ ಪೊಲೀಸ್ ಪ್ರಕರಣಕ್ಕೆ ಸಂಬಂಧಿಸಿದ್ದರೆ ವಿಧಾನ ಇನ್ನೂ ಬಿಗಿ. ಮೈಸೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಅಧ್ಯಯನವಿದೆ. ಸಾಕ್ಷ್ಯವಾದ ಡಿಸ್ಕ್‌ಗೆ ಒಂದು ಬೈಟ್ ಕೂಡ ಬರೆಯಲಾಗದಂತೆ ತಡೆಯುವ ರೈಟ್ ಬ್ಲಾಕರ್ ಮೂಲಕವೇ ಜೋಡಿಸಿ ನಕಲು ತೆಗೆಯಬೇಕು. ನಕಲಿನ ಹ್ಯಾಶ್ ಅಂಕಿಯನ್ನೂ ದಾಖಲಿಸಬೇಕು. ಕಡತದಲ್ಲಿ ಒಂದು ಬಿಟ್ ಬದಲಾದರೂ ಈ ಅಂಕಿ ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸುವ ಜಾಗವೇ ಇದೆ. ಅಂಗಡಿಯಲ್ಲಿ ಕೂತು ಸಾಮಾನ್ಯ ಗಿರಾಕಿಗಳ ಕೆಲಸ ಮಾಡುವವರಿಗೂ ಈ ಅಭ್ಯಾಸ ಒಳ್ಳೆಯದು. ಇನ್ನೊಂದು ಹೊಣೆಯೂ ಇದೆ: ಗಿರಾಕಿಗಳ ಮನೆಯ ಚಿತ್ರ, ಪತ್ರ, ಲೆಕ್ಕವೆಲ್ಲ ತಂತ್ರಜ್ಞರ ಕಣ್ಣೆದುರು ಹಾದುಹೋಗುತ್ತದೆ. ಕಡತ ತೆರೆಯುತ್ತದೆಯೇ ಎಂದು ನೋಡಲು ಬೇಕಾದಷ್ಟನ್ನೇ ತೆರೆಯುವುದು, ಕೆಲಸ ಮುಗಿದು ಗಿರಾಕಿ ಒಪ್ಪಿದ ಮೇಲೆ ತಮ್ಮಲ್ಲಿರುವ ನಕಲನ್ನು ಅಳಿಸುವುದು ಕಸುಬಿನ ಮರ್ಯಾದೆ. ಒಬ್ಬರ ದೇಹದ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ.

ಕಲಿಕೆ ಆರಂಭಿಸಲು ದೊಡ್ಡ ಬಂಡವಾಳ ಬೇಡ. ಒಂದು ಹಳೆಯ ಕಂಪ್ಯೂಟರ್, ಲಿನಕ್ಸ್, ಸಣ್ಣ ಪೆನ್ ಡ್ರೈವ್ ಇದ್ದರೆ ಸಾಕು. ಪೆನ್ ಡ್ರೈವ್‌ಗೆ ಕೆಲವು ಚಿತ್ರ, ಒಂದು ಕನ್ನಡ ಪಠ್ಯ ಹಾಕಿ, ಅದರ ಇಮೇಜ್ ತೆಗೆದು, ಕಡತಗಳನ್ನು ಅಳಿಸಿ, ಮತ್ತೆ ಇಮೇಜ್ ತೆಗೆದು, ಎರಡನ್ನೂ ಹೆಕ್ಸ್ ಎಡಿಟರಿನಲ್ಲಿ ಅಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ಹುಡುಕಬೇಕು. 229 ಎಂಬ ಆ ಬೈಟ್ ತಾನಾಗಿ ಕಣ್ಣಿಗೆ ಬಿದ್ದ ದಿನ ಕಲಿಕೆ ಬೇರೂರುತ್ತದೆ. ತಂತ್ರಾಂಶದ ಗುಂಡಿ ಒತ್ತಿ ಫಲಿತಾಂಶಕ್ಕೆ ಕಾಯುವುದನ್ನೇ ಕಲಿತವರು, ಆ ತಂತ್ರಾಂಶ ಕೈಕೊಟ್ಟಾಗ ಮುಂದೆ ಹೋಗಲಾರರು. ಬ್ರಯನ್ ಕ್ಯಾರಿಯರ್ 2005ರಲ್ಲಿ ಫೈಲ್ ಸಿಸ್ಟಂಗಳ ವಿಧಿವಿಜ್ಞಾನ ಕುರಿತು ಬರೆದ ಪುಸ್ತಕ ಈ ದಾರಿಯಲ್ಲಿ ಇಂದಿಗೂ ಓದಬೇಕಾದದ್ದು. ನಂತರ ಗುಜರಿಯ ಡಿಸ್ಕ್‌ಗಳನ್ನು ಬಿಚ್ಚಿ ಭಾಗಗಳನ್ನು ಗುರುತಿಸುವುದು, ಸತ್ತ ಬೋರ್ಡ್‌ಗಳ ಮೇಲೆ ಬೆಸುಗೆ ಅಭ್ಯಾಸ, ಬ್ಯಾಡ್ ಸೆಕ್ಟರ್ ಇರುವ ಡಿಸ್ಕ್‌ನ ಇಮೇಜ್. ಬೇರೆಯವರ ಅಮೂಲ್ಯ ಡಿಸ್ಕ್ ಮುಟ್ಟುವುದು ಇವೆಲ್ಲ ಕೈಗೆ ಬಂದ ಮೇಲೆ ಮಾತ್ರ.

ಮೈಸೂರಿನಲ್ಲಿ 1946ರ ಎನ್‌ಐಇ, 1963ರ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳಿಂದ ಹಿಡಿದು ಪಾಲಿಟೆಕ್ನಿಕ್, ಐಟಿಐಗಳವರೆಗೆ ಕಂಪ್ಯೂಟರ್ ಲ್ಯಾಬ್ ಇರುವ ಸಂಸ್ಥೆಗಳು ಅನೇಕ. ಯಂತ್ರಗಳು ಹಳತಾದಂತೆ ಅವುಗಳ ಡಿಸ್ಕ್‌ಗಳು ಇ-ತ್ಯಾಜ್ಯದ ರಾಶಿ ಸೇರುತ್ತವೆ. ಓಡುವ ಡಿಸ್ಕ್‌ಗಳಲ್ಲಿನ ಕಚೇರಿ ಮಾಹಿತಿಯನ್ನು ಸೊನ್ನೆ ತುಂಬಿ ಅಳಿಸಿ, ಅಭ್ಯಾಸದ ಕಡತಗಳನ್ನು ಹಾಕಿ, ಓಡದವುಗಳ ತಟ್ಟೆ ತೆಗೆದು ಭಾಗಗಳನ್ನಷ್ಟೇ ಉಳಿಸಿ, ಲ್ಯಾಬ್‌ನ ಒಂದು ಬೀರುವಿನಲ್ಲಿ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಇಡಲಿ. ಹಳೆಯ ನುಡಿ, ಶ್ರೀಲಿಪಿ ಕಡತಗಳ ಕೆಲವು ಮಾದರಿಗಳೂ ಅವುಗಳ ಜೊತೆಗಿರಲಿ.